ತೋಟಾಪರೀಕ್ಷೆ: ಆತ್ಮರಕ್ಷಣೆಯ ಕೈಬಂದೂಕಿನ ಮದ್ದುಗುಂಡುಗಳ ಪರಿಶೋಧನೆಯ ಇತಿಹಾಸ

ಪಿಸ್ತೂಲು, ರಿವಾಲ್ವರ್ ಮೊದಲಾದ ಕೈಬಂದೂಕುಗಳನ್ನು ಆತ್ಮರಕ್ಷಣೆಗಾಗಿ ಧರಿಸುವವರು, ಅವುಗಳಲ್ಲಿ ತುಂಬುವ ತೋಟಾಗಳು ಪ್ರಾಣಸಂಕಟದ ಗಳಿಗೆಯಲ್ಲಿ ತಪ್ಪದೆ ಒದಗುವುವೇ ಎಂಬುದನ್ನು ಮುಂಚಿತವಾಗಿಯೇ ಹಾರಿಸಿ ನೋಡಿ ನಿಶ್ಚಯಿಸಿಕೊಳ್ಳುವ ಕ್ರಮಕ್ಕೆ ತೋಟಾಪರೀಕ್ಷೆಯೆಂದು ಹೆಸರು. ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕೂಡಿಸಿದ ಕೇಪು, ಒಳಗಣ ಮದ್ದು, ತುದಿಯ ಗುಂಡು ಎಂಬ ನಾಲ್ಕು ಅಂಗಗಳಿಂದ ತೋಟಾ ಆಗಿರುವುದರಿಂದ, ಇವುಗಳಲ್ಲಿ ಯಾವೊಂದು ಕೆಟ್ಟರೂ ಮಿಕ್ಕ ಮೂರು ವ್ಯರ್ಥ. ಈ ಪರೀಕ್ಷೆಯ ಮೂಲದಲ್ಲಿಯೇ ಒಂದು ತೊಡಕು ಅಡಗಿದೆ: ಹಾರಿಸಿ ನೋಡಿದ ತೋಟಾ ಮತ್ತೆ ಉಪಯೋಗಕ್ಕೆ ಬಾರದು, ಉಪಯೋಗಕ್ಕೆಂದು ಉಳಿಸಿಕೊಂಡ ತೋಟಾ ಎಂದೂ ಪರೀಕ್ಷೆಗೆ ಒಳಗಾದುದಲ್ಲ. ಆದಕಾರಣ ಒಂದೇ ಕಾರ್ಖಾನೆಯಲ್ಲಿ ಒಂದೇ ಬಾರಿಗೆ ತಯಾರಾದ ತೋಟಾಗಳಲ್ಲಿ ಕೆಲವನ್ನು ವ್ಯಯಮಾಡಿ, ಅವುಗಳ ನಡತೆಯಿಂದ ಉಳಿದವುಗಳ ನಡತೆಯನ್ನು ಅನುಮಾನಪ್ರಮಾಣದಿಂದ ತಿಳಿಯಬೇಕಾಗುತ್ತದೆ. ಅನ್ನ ಬೆಂದಿತೇ ಎಂದರಿಯಲು ಒಂದಗುಳು ಸಾಕು. ತೋಟಾಗಳ ವಿಷಯದಲ್ಲಿ ಒಂದಗುಳು ಸಾಲದೆಂಬುದನ್ನು ಮನುಷ್ಯನು ಕಲಿತುಕೊಳ್ಳುವುದಕ್ಕೆ ಕೆಲವು ಶತಮಾನಗಳೇ ಬೇಕಾದುವು.

ತೋಟಾದ ಅಂಗಗಳಲ್ಲೊಂದಾದ ಮದ್ದಿನ ಪ್ರಭಾವವನ್ನು ಕನ್ನಡನಾಡಿನಲ್ಲಿ ಲೋಕಕ್ಕೆ ಕಾಣಿಸಿದವರು ಹೈದರಾಲಿ ಮತ್ತು ಟಿಪ್ಪು ಸುಲ್ತಾನರು. ಕಾಗದದ ಅಥವಾ ಬಿದಿರಿನ ಕೊಳವೆಗಳಿಗೆ ಬದಲಾಗಿ ಕಬ್ಬಿಣದ ಕೊಳವೆಗಳಲ್ಲಿ ಮದ್ದನ್ನು ಒತ್ತಿ ತುಂಬಿದ ಮೈಸೂರಿನ ರಾಕೆಟ್ಟುಗಳು 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನ ಯುದ್ಧದಲ್ಲಿ ಕರ್ನಲ್ ಬೇಲಿಯ ಸೇನೆಯನ್ನು ಕಂಗೆಡಿಸಿದುವು. ಅಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳೇ ಸಿಡಿದುಹೋದುದು ಅವರ ಸೋಲಿಗೆ ಒಂದು ಮುಖ್ಯ ಕಾರಣವಾಯಿತು. ಅದೇ ವಿಧಿ 1799ರ ಮೇ 2ರಂದು ಶ್ರೀರಂಗಪಟ್ಟಣದೊಳಗೆ ಮರುಕಳಿಸಿ, ಇಂಗ್ಲಿಷರ ಗುಂಡೊಂದು ತಗುಲಿ ಟಿಪ್ಪುವಿನ ರಾಕೆಟ್ಟುಗಳ ಉಗ್ರಾಣವು ಸ್ಫೋಟಗೊಂಡಿತು. ಮದ್ದಿಗೆ ಬೆಂಕಿಯಷ್ಟೇ ಭಯಂಕರನಾದ ಮತ್ತೊಬ್ಬ ಶತ್ರುವೆಂದರೆ ತೇವ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಪಾಳುಬಾವಿಯೊಂದರ ಮಣ್ಣು ಮದ್ದಿನ ವಾಸನೆ ಬೀರುತ್ತಿದ್ದುದನ್ನು ಅನುಸರಿಸಿ ಅಗೆದಾಗ, ತುಕ್ಕು ಹಿಡಿದ ಸಾವಿರಕ್ಕೂ ಮಿಕ್ಕ ರಾಕೆಟ್ಟುಗಳು ದೊರೆತುವು. ಮಳೆಯ ಸೀಮೆಯ ಬಾವಿಯಲ್ಲಿ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಆ ಕಬ್ಬಿಣದ ಕೊಳವೆಗಳನ್ನು ನೋಡಿದವರಿಗೆ, ಸಂಗ್ರಹವೇ ಬೇರೆ, ಸನ್ನದ್ಧತೆಯೇ ಬೇರೆ ಎಂಬುದು ವಿವರಿಸದೆಯೇ ಮನದಟ್ಟಾದೀತು.

ಯುರೋಪಿನಲ್ಲಿ ಮದ್ದಿನ ಬಲವನ್ನು ಅಳೆಯಲು ಪಿಸ್ತೂಲಿನಾಕಾರದ ‘ಎಪ್ರೊವೆಟ್’ ಎಂಬ ಸಣ್ಣ ಯಂತ್ರ ಬಳಕೆಯಲ್ಲಿತ್ತು. ಚಿಟಿಕೆ ಮದ್ದನ್ನು ಉರಿಸಿ, ಅದರ ರಭಸಕ್ಕೆ ಗುರುತು ಹಾಕಿದ ಚಕ್ರ ಎಷ್ಟು ತಿರುಗಿತೆಂದು ನೋಡುವುದು ಅದರ ಕ್ರಮ. ಲಂಡನ್ನಿನಲ್ಲಿ 1637ರ ಸನ್ನದಿನಿಂದಲೂ ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದಲೂ ನಡೆದುಬಂದ ಪರೀಕ್ಷಾಲಯಗಳು ನಳಿಗೆಯ ದಾರ್ಢ್ಯವನ್ನು ನೋಡುತ್ತಿದ್ದುವೇ ಹೊರತು ತೋಟಾದ ನಂಬಿಕೆಯನ್ನಲ್ಲ. ಗುಂಡಿನ ವೇಗವನ್ನು ಶಾಸ್ತ್ರೀಯವಾಗಿ ಅಳೆಯುವ ಲೋಲಕವನ್ನು 1742ರಲ್ಲಿ ವಿವರಿಸಿದ ಬೆಂಜಮಿನ್ ರಾಬಿನ್ಸನು ಈಸ್ಟ್ ಇಂಡಿಯಾ ಕಂಪನಿಯ ಪ್ರಧಾನ ಯಂತ್ರಶಿಲ್ಪಿಯಾಗಿ ನಮ್ಮ ದಕ್ಷಿಣದೇಶಕ್ಕೇ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ಚಕಮಕಿ ಕಲ್ಲಿನ ಕೋವಿಯಲ್ಲಿ ಕಿಡಿ ಹತ್ತಿ ಮದ್ದು ಉರಿಯದೆ ಹೋಗುವುದು ಸಾಮಾನ್ಯವಾಗಿತ್ತು. ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸೈತನು ಪೆಟ್ಟಿಗೆ ಸಿಡಿಯುವ ಮದ್ದಿಗಾಗಿ 1807ರಲ್ಲಿ ಹಕ್ಕುಪತ್ರ ಪಡೆದ ಮೇಲೆ, ಆ ತತ್ತ್ವದಿಂದ ತಾಮ್ರದ ಕೇಪು ಹುಟ್ಟಿ, ಮಳೆಯಲ್ಲಿಯೂ ಹಾರುವ ಕೋವಿ ಸಾಧ್ಯವಾಯಿತು. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ‘ಕೇಪಿನ ಕೋವಿ’ ಎಂಬ ಹೆಸರು ಇಂದಿಗೂ ಅಳಿದಿಲ್ಲ. ಕೊಡವರಿಗೆ 1861ರಲ್ಲಿ ನಿರಾಯುಧೀಕರಣದ ಕಾನೂನಿನಿಂದ ದೊರೆತ ವಿನಾಯಿತಿಯು ನಾನಾ ರೂಪಗಳಲ್ಲಿ ಮುಂದುವರಿದು, 2019ರ ಕೇಂದ್ರ ಸರ್ಕಾರದ ಅಧಿಸೂಚನೆಯಿಂದ 2029ರವರೆಗೆ ವಿಸ್ತೃತವಾಗಿದೆ. ಮುಂಗಾರಿನ ಗದ್ದೆಗೆಲಸ ಮುಗಿದು ಸೆಪ್ಟೆಂಬರಿನ ಆರಂಭದಲ್ಲಿ ಬರುವ ಕೊಡವರ ಕೈಲ್‌ಪೊಳ್ದು ಹಬ್ಬದಂದು ಕೋವಿಗಳನ್ನು ತಿಕ್ಕಿ, ಒರೆಸಿ, ತೋಕ್‌ಪೂ ಎಂಬ ಹೂವನ್ನು ಮುಡಿಸಿ ಪೂಜಿಸಿ, ಬಳಿಕ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪದ್ಧತಿಯನ್ನು ಕೇವಲ ಹಬ್ಬವೆಂದು ಭಾವಿಸುವವರುಂಟು. ಕೊಡಗಿನ ಮಳೆಗಾಲವನ್ನು ಅಟ್ಟದ ಮೇಲೋ ಗೋಡೆಯ ಮೇಲೋ ಕಳೆದ ಕೋವಿಯೂ ಮದ್ದೂ ಮತ್ತೆ ಕೆಲಸಕ್ಕೆ ಯೋಗ್ಯವೇ ಎಂಬುದು ಮನೆಯವರೆಲ್ಲರ ಕಣ್ಮುಂದೆ ತೀರ್ಮಾನವಾಗುವ ದಿನವೂ ಅದೇ ಆಗಿರುವುದರಿಂದ, ಆಯುಧವನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸುವ ಸಂಪ್ರದಾಯಗಳಲ್ಲಿ ನಾಡಿನಲ್ಲಿ ಇದಕ್ಕಿಂತ ವಿವೇಕಯುಕ್ತವಾದುದು ಈ ಲೇಖಕನಿಗೆ ಕಂಡಿಲ್ಲ.

ಕೇಪು, ಮದ್ದು, ಗುಂಡು ಮೂರನ್ನೂ ಒಂದೇ ಲೋಹಕೋಶದಲ್ಲಿ ಅಡಕಮಾಡಿದ ತೋಟಾ 1860ರ ದಶಕದಲ್ಲಿ ಬಾಕ್ಸರ್ ಮತ್ತು ಬರ್ಡಾನರ ಕೇಪುಗಳೊಡನೆ ಪಕ್ವಗೊಂಡಿತು. ಪುಣೆಯ ಹತ್ತಿರದ ಖಡ್ಕಿಯಲ್ಲಿ 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಸ್ಥಾಪಿತವಾಯಿತು; ಹೊಗೆಯಿಲ್ಲದ ಕಾರ್ಡೈಟ್ ಮದ್ದಿಗಾಗಿ ನೀಲಗಿರಿಯ ಅರುವಂಕಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮತ್ತೊಂದು ಕಾರ್ಖಾನೆ ತಲೆಯೆತ್ತಿತು. ತೋಟಾದ ಬುಡದಲ್ಲಿ ಒತ್ತಿರುವ ‘ಕೆ.ಎಫ್.’ ಎಂಬ ಅಕ್ಷರಗಳು ಖಡ್ಕಿಯ ಕಾರ್ಖಾನೆಯ ಗುರುತು; ಜೊತೆಯ ಅಂಕಿಗಳು ತಯಾರಿಕೆಯ ವರ್ಷವನ್ನು ತಿಳಿಸುವುವು. ತೋಟಾವನ್ನು ಕೈಗೆತ್ತಿಕೊಂಡವನು ಮೊದಲು ಓದಬೇಕಾದುದು ಈ ಬುಡವನ್ನೇ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಗುಂಡು ಹಾರುವುದೇ ಎಂಬ ಪ್ರಶ್ನೆಯ ಪಕ್ಕದಲ್ಲಿ, ತಗುಲಿದ ಗುಂಡು ಎದುರಾಳಿಯನ್ನು ತಡೆಯುವುದೇ ಎಂಬ ಎರಡನೆಯ ಪ್ರಶ್ನೆ ಬಂದು ನಿಂತಿತು. ಕಲ್ಕತ್ತೆಯ ಬಳಿಯ ಡಮ್‌ಡಮ್ ಆಯುಧಾಗಾರದಲ್ಲಿ ತಯಾರಾದ, ತಗುಲಿದೊಡನೆ ಅರಳುವ ಗುಂಡು ಜಗತ್ಪ್ರಸಿದ್ಧವಾಗಿ, 1899ರ ಹೇಗ್ ಘೋಷಣೆಯು ಅಂಥ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಅಮೆರಿಕದ ಸೇನೆಯು 1904ರಲ್ಲಿ ಥಾಮ್ಸನ್ ಮತ್ತು ಲಗಾರ್ಡ್ ಎಂಬ ಅಧಿಕಾರಿಗಳಿಂದ ಷಿಕಾಗೋದ ಕಸಾಯಿಖಾನೆಯ ದನಗಳ ಮೇಲೂ ಮೃತದೇಹಗಳ ಮೇಲೂ ಪ್ರಯೋಗ ಮಾಡಿಸಿ, ಪಿಸ್ತೂಲಿನ ಗುಂಡು .45 ಅಂಗುಲಕ್ಕೆ ಕಡಿಮೆಯಿರಬಾರದೆಂದು ನಿರ್ಣಯಿಸಿತು. ಆ ಪ್ರಯೋಗಗಳ ಕ್ರೌರ್ಯಕ್ಕೆ ತಕ್ಕಷ್ಟು ಜ್ಞಾನ ಅವುಗಳಿಂದ ಲಭಿಸಿತೆಂದು ಒಪ್ಪುವುದು ಕಷ್ಟ. ಅದೇ ಸೇನೆ 1911ರ ಮಾರ್ಚಿನಲ್ಲಿ ನಡೆಸಿದ ಪರೀಕ್ಷೆ ಇದಕ್ಕಿಂತ ಎಷ್ಟೋ ಫಲಪ್ರದವಾದುದು. ಜಾನ್ ಬ್ರೌನಿಂಗನು ರಚಿಸಿದ ಕೋಲ್ಟ್ ಪಿಸ್ತೂಲಿನಿಂದ ಎರಡು ದಿನಗಳಲ್ಲಿ 6,000 ಗುಂಡುಗಳನ್ನು ಹಾರಿಸಲಾಯಿತು. ನೂರು ಗುಂಡುಗಳಿಗೊಮ್ಮೆ ಆರಲು ಬಿಡುವುದು, ಸಾವಿರಕ್ಕೊಮ್ಮೆ ಶುಚಿಮಾಡಿ ಎಣ್ಣೆಯಿಡುವುದು, ಅಷ್ಟೇ ಉಪಚಾರ. ಆಮೇಲೆ ಆಕಾರಗೆಟ್ಟ ತೋಟಾಗಳನ್ನು ಕೊಟ್ಟು ನೋಡಿದರು; ಆಮ್ಲದಲ್ಲಿ ತುಕ್ಕು ಹಿಡಿಸಿದರು; ಮರಳಿನಲ್ಲಿಯೂ ಕೆಸರಿನಲ್ಲಿಯೂ ಹೊರಳಿಸಿದರು. ಪ್ರತಿಸ್ಪರ್ಧಿಯಾದ ಸ್ಯಾವೇಜ್ ಪಿಸ್ತೂಲು 37 ಸಲ ತಡೆದು ನಿಂತಾಗ ಕೋಲ್ಟ್ ಒಮ್ಮೆಯೂ ನಿಲ್ಲಲಿಲ್ಲ. ಪಿಸ್ತೂಲು ಮತ್ತು ತೋಟಾ ಎಂಬುವು ಎರಡಲ್ಲ, ಒಂದೇ ಯಂತ್ರದ ಎರಡು ಭಾಗಗಳು, ಅವನ್ನು ಜೊತೆಯಾಗಿಯೇ ಪರೀಕ್ಷಿಸತಕ್ಕದ್ದು ಎಂಬ ತತ್ತ್ವವು ಇಲ್ಲಿಂದ ಸ್ಥಿರವಾಯಿತೆನ್ನಬಹುದು.

1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ದರೋಡೆಕೋರರೊಡನೆ ನಡೆದ ಕಾಳಗದಲ್ಲಿ ಅಮೆರಿಕದ ಎಫ್.ಬಿ.ಐ. ಸಂಸ್ಥೆಯ ಇಬ್ಬರು ಮಡಿದು ಐವರು ಗಾಯಗೊಂಡರು; ಆರಂಭದಲ್ಲಿಯೇ ದರೋಡೆಕೋರನೊಬ್ಬನಿಗೆ ತಗುಲಿದ ಗುಂಡು ಹೃದಯವನ್ನು ಮುಟ್ಟುವ ಮೊದಲೇ ನಿಂತುಹೋಗಿತ್ತು. ಇದರಿಂದ ಎಚ್ಚೆತ್ತ ಸಂಸ್ಥೆಯು ಶೇಕಡಾ 10ರ ಜೆಲಟಿನ್ ದಿಮ್ಮಿಗೆ, ಎದುರಿಗೆ ದಪ್ಪ ಬಟ್ಟೆ, ತಗಡು, ಮರದ ಹಲಗೆ, ಕಾರಿನ ಗಾಜು ಮುಂತಾದ ಅಡ್ಡಿಗಳನ್ನಿಟ್ಟು ಗುಂಡು ಹಾರಿಸಿ, ಅದು 12 ಅಂಗುಲಕ್ಕೆ ಕಡಿಮೆಯಾಗದಂತೆ, 18 ಅಂಗುಲವನ್ನು ಬಹಳ ಮೀರದಂತೆ ಹೊಗಬೇಕೆಂಬ ಅಳತೆಯನ್ನು ರೂಢಿಗೆ ತಂದಿತು. ಅರಳುವ ಟೊಳ್ಳುಮೂತಿಯ ಗುಂಡುಗಳು ಈ ಅಳತೆಗೆ ಹೊಂದಿಕೊಂಡುವಾದರೂ, ಅವುಗಳ ಅಗಲವಾದ ಬಾಯಿ ಮ್ಯಾಗಜೀನಿನಿಂದ ನಳಿಗೆಗೆ ಏರುವ ಇಳಿಜಾರಿನಲ್ಲಿ ಸಿಕ್ಕಿಕೊಳ್ಳುವ ಹೊಸ ತೊಂದರೆ ಎದ್ದಿತು. ಅಭ್ಯಾಸದ ಗುಂಡುಮೂತಿಯ ತೋಟಾಗಳನ್ನು ಸಾವಿರಗಟ್ಟಲೆ ನುಂಗಿದ ಪಿಸ್ತೂಲು ಇವುಗಳ ಮೂರನೆಯದಕ್ಕೇ ಬಾಯಿ ಕಟ್ಟಿಕೊಳ್ಳಬಹುದು. ಧರಿಸುವ ತೋಟಾಗಳನ್ನೇ ಧರಿಸುವ ಪಿಸ್ತೂಲಿನಲ್ಲಿ, ಅದರದೇ ಮ್ಯಾಗಜೀನುಗಳಿಂದ, ಹಾರಿಸಿ ನೋಡಬೇಕೆಂಬ ನಿಯಮ ಬೆಳೆದುದು ಹೀಗೆ.

ಎಷ್ಟು ತೋಟಾಗಳು ಸಾಕು? ಇನ್ನೂರು ಎಂಬುದು ಪಿಸ್ತೂಲು ಧರಿಸುವವರ ನಡುವೆ ಬಾಯಿಂದ ಬಾಯಿಗೆ ಬಂದ ಸಂಖ್ಯೆ. ಸಂಖ್ಯಾಶಾಸ್ತ್ರವು ಇದಕ್ಕೆ ಅರ್ಥವನ್ನು ಕೊಡುತ್ತದೆ: ಒಂದೂ ತಪ್ಪದೆ ಹಾರಿದ ಗುಂಡುಗಳ ಸಂಖ್ಯೆಯಿಂದ 3ನ್ನು ಭಾಗಿಸಿದರೆ, ಶೇಕಡಾ 95ರ ಭರವಸೆಯೊಡನೆ, ತಪ್ಪಿನ ಪ್ರಮಾಣದ ಗರಿಷ್ಠ ಮಿತಿ ದೊರೆಯುವುದು. ಐವತ್ತು ಹಾರಿದರೆ ನೂರಕ್ಕೆ 6ರವರೆಗೆ ತಪ್ಪುವ ಸಂಭವವನ್ನು ಅಲ್ಲಗಳೆಯಲಾಗದು. ಇನ್ನೂರಾದರೆ ನೂರಕ್ಕೆ ಒಂದೂವರೆ. ಆರು ಸಾವಿರವಾದರೆ ಎರಡು ಸಾವಿರಕ್ಕೆ ಒಂದು. ಒಂದು ಮ್ಯಾಗಜೀನನ್ನು ಖಾಲಿಮಾಡಿ ಸಂತೃಪ್ತನಾದವನು ಪರೀಕ್ಷಿಸಿದುದು ತನ್ನ ಧೈರ್ಯವನ್ನೇ ಹೊರತು ತೋಟಾವನ್ನಲ್ಲ.

ಹಾರಿಸುವುದಕ್ಕೆ ಮೊದಲು ಕಣ್ಣಿನ ಪರೀಕ್ಷೆಯುಂಟು. ಪ್ರತಿಯೊಂದು ತೋಟಾವನ್ನೂ ಬೆಳಕಿಗೆ ಹಿಡಿದು, ಕೇಪು ಬುಡದ ಮಟ್ಟಕ್ಕಿಂತ ಕೂದಲಿನಷ್ಟಾದರೂ ಒಳಗೇ ಇದೆಯೇ ಎಂದು ಉಗುರಿನಿಂದ ಸವರಿ ನೋಡಬೇಕು. ಉಬ್ಬಿದ ಕೇಪು ರಿವಾಲ್ವರಿನ ತಿರುಗುವ ಉರುಳೆಯನ್ನು ಕಚ್ಚಿ ಹಿಡಿಯುತ್ತದೆ. ಬಿಚ್ಚಿದ ನಳಿಗೆಯೊಳಕ್ಕೆ ತೋಟಾವನ್ನು ಬಿಟ್ಟಾಗ ಅದು ತಡೆಯಿಲ್ಲದೆ ಜಾರಿ ಕೂರಬೇಕು, ನಳಿಗೆಯನ್ನು ಮಗುಚಿದರೆ ಹಾಗೆಯೇ ಕೆಳಗೆ ಬೀಳಬೇಕು. ಪಿಸ್ತೂಲಿನ ಕುದುರೆ ಬಿದ್ದರೂ ಶಬ್ದವಾಗದಿದ್ದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾಯತಕ್ಕದ್ದು, ಏಕೆಂದರೆ ತಡವಾಗಿ ಹೊತ್ತಿಕೊಳ್ಳುವ ಮದ್ದೂ ಉಂಟು. ಆಮೇಲೆ ಹೊರತೆಗೆದ ತೋಟಾದ ಕೇಪಿನ ಮೇಲೆ ಆಳವಾದ ಕುಳಿಯಿದ್ದರೆ ದೋಷ ತೋಟಾದ್ದು. ತೇಲಿದ ಗುರುತಿದ್ದರೆ ದೋಷ ಬಹುಶಃ ಪಿಸ್ತೂಲಿನ ಸ್ಪ್ರಿಂಗಿನದು. ‘ಠುಸ್’ ಎಂಬ ಕ್ಷೀಣಶಬ್ದ ಕೇಳಿತೆಂದರೆ ಎಲ್ಲವನ್ನೂ ನಿಲ್ಲಿಸಿ ನಳಿಗೆಯನ್ನು ಪರೀಕ್ಷಿಸಬೇಕು: ಗುಂಡು ಅಲ್ಲಿಯೇ ಸಿಕ್ಕಿಕೊಂಡಿದ್ದರೆ ಮುಂದಿನ ಗುಂಡು ನಳಿಗೆಯನ್ನು ಒಡೆಯುತ್ತದೆ. ದಿನವೂ ಅದೇ ತೋಟಾವನ್ನು ಏರಿಸಿ ಇಳಿಸುತ್ತಿದ್ದರೆ ಗುಂಡು ಕೋಶದೊಳಕ್ಕೆ ಒತ್ತಿಕೊಂಡು ಒತ್ತಡವು ಅಪಾಯಕರವಾಗಿ ಏರುವುದರಿಂದ, ಮೇಲಿನ ತೋಟಾವನ್ನು ಆಗಾಗ ಬದಲಿಸುತ್ತಿರಬೇಕು. ಕೇಪಿಗೆ ಎಣ್ಣೆ ತಾಗಿಸುವುದಂತೂ ಅದನ್ನು ಕೊಂದಂತೆಯೇ ಸರಿ.

ಭಾರತದಲ್ಲಿ ಈ ಪರೀಕ್ಷೆಗೆ ಕಾನೂನಿನ ಮಿತಿಯಿದೆ. 1959ರ ಶಸ್ತ್ರಾಸ್ತ್ರ ಅಧಿನಿಯಮ ಮತ್ತು 2016ರ ನಿಯಮಗಳ ಪ್ರಕಾರ ಪರವಾನಗಿಯ ಪುಸ್ತಕದಲ್ಲಿಯೇ, ಒಮ್ಮೆಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ನಮೂದಾಗಿರುತ್ತದೆ; ಹರ್ಷೋತ್ಸವಕ್ಕೆ ಗುಂಡು ಹಾರಿಸಿ ಪರರ ಪ್ರಾಣಕ್ಕೆ ಅಪಾಯ ತರುವುದು 2019ರ ತಿದ್ದುಪಡಿಯಿಂದ ಶಿಕ್ಷಾರ್ಹವಾಗಿದೆ. ಪರೀಕ್ಷೆಗಾಗಿ ಇನ್ನೂರು ತೋಟಾಗಳನ್ನು ವ್ಯಯಮಾಡುವುದು ಸಾಮಾನ್ಯ ಪರವಾನಗಿದಾರನಿಗೆ ಎಟುಕದ ಮಾತಾದ್ದರಿಂದ, ಇರುವ ಕೆಲವನ್ನು ಅಧಿಕೃತ ಮೈದಾನದಲ್ಲಿ ಕ್ರಮವಾಗಿ ಹಾರಿಸಿ, ಹಳೆಯವುಗಳ ಸ್ಥಾನವನ್ನು ಹೊಸವುಗಳಿಂದ ತುಂಬಿಕೊಳ್ಳುವುದೊಂದೇ ಅವನಿಗೆ ಉಳಿದ ದಾರಿ.

ಬೆಂಗಳೂರಿನ ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಹಾದಿಯಲ್ಲಿರುವ ರಾಜಾನುಕುಂಟೆಯ ನೆರೆಹೊರೆ, ಹಳೆಯ ತೋಟಾಗಳನ್ನು ಬದಲಿಸುವ ಈ ವಿಷಯದಲ್ಲಿ ಶಿಸ್ತು, ಅಲಕ್ಷ್ಯ ಎಂಬ ಎರಡು ಮುಖಗಳನ್ನೂ ತೋರಿಸುತ್ತದೆ. ವಾಯುಪಡೆಯ ನೆಲೆಯೂ ಕೇಂದ್ರದ ಸಶಸ್ತ್ರ ಪಡೆಗಳ ಶಿಬಿರಗಳೂ ಇರುವ ಯಲಹಂಕದ ಪರಿಸರದಲ್ಲಿ, ಮದ್ದುಗುಂಡುಗಳ ತಯಾರಿಕೆಯ ವರ್ಷವನ್ನು ನೋಡಿ, ಹಳೆಯವನ್ನು ಅಭ್ಯಾಸಕ್ಕೆ ವಿನಿಯೋಗಿಸಿ, ಹೊಸವನ್ನು ಕರ್ತವ್ಯಕ್ಕೆ ಕೊಡುವ ಶಿಸ್ತು ಸೈನಿಕ ಜೀವನದ ಭಾಗ. ಅದೇ ಹೆದ್ದಾರಿಯ ಬ್ಯಾಂಕುಗಳ ಬಾಗಿಲಲ್ಲಿಯೂ ಎ.ಟಿ.ಎಂ.ಗೆ ಹಣ ತರುವ ಬಂಡಿಗಳ ಪಕ್ಕದಲ್ಲಿಯೂ ನಿಲ್ಲುವ ಕಾವಲುಗಾರನ ಸೊಂಟದ ಚರ್ಮದ ಪಟ್ಟಿಯನ್ನು ಹತ್ತಿರದಿಂದ ನೋಡಿದರೆ, ತೋಟಾಗಳ ಹಿತ್ತಾಳೆಯ ಬುಡ ಹಸುರು ಕಿಲುಬು ಕಟ್ಟಿರುವುದು ಕಾಣಸಿಗುತ್ತದೆ. ಹದಮಾಡಿದ ಚರ್ಮದ ಆಮ್ಲ, ಬೆವರು, ಮಳೆ ಮೂರೂ ಕೂಡಿ ಮಾಡಿದ ಕೆಲಸವದು. ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಿ ವಾರಗಳ ಮೇಲೆ ಹಿಂದಕ್ಕೆ ಪಡೆದ ಬಂದೂಕನ್ನೂ ಒರೆಸಿ, ನಳಿಗೆಯನ್ನು ನೋಡದೆಯೇ ಹೆಗಲಿಗೇರಿಸುವವರಿದ್ದಾರೆ. ಅಲ್ಪ ವೇತನಕ್ಕೆ ಪರರ ಹಣವನ್ನು ಕಾಯುವ ಈ ಮನುಷ್ಯನ ಪ್ರಾಣವೂ ಆ ತೋಟಾಗಳನ್ನೇ ನೆಚ್ಚಿಕೊಂಡಿರುವುದರಿಂದ, ಅವನ್ನು ಕಾಲಕಾಲಕ್ಕೆ ಬದಲಿಸುವ ಹಾಗೂ ವರ್ಷಕ್ಕೊಮ್ಮೆಯಾದರೂ ಮೈದಾನದಲ್ಲಿ ಹಾರಿಸಿ ನೋಡಲು ಅವಕಾಶ ಕಲ್ಪಿಸುವ ಹೊಣೆ ಅವನನ್ನು ನೇಮಿಸಿದವರದೇ ಆಗತಕ್ಕದ್ದು. ಕಿಲುಬು ಹಿಡಿದ, ನೆಗ್ಗಿದ, ನೀರಿನಲ್ಲಿ ನೆನೆದ ತೋಟಾಗಳನ್ನು ಯಾರೂ ಕಸಕ್ಕೆ ಎಸೆಯದೆ, ಪರವಾನಗಿ ಪಡೆದ ಬಂದೂಕು ವ್ಯಾಪಾರಿಗೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀತಿ ಪಡೆದುಕೊಳ್ಳಬೇಕು.