ಕೌದಿಯ ಚರಿತ್ರೆ



ನಂಜನಗೂಡು ತಾಲ್ಲೂಕಿನ ಸುತ್ತೂರು ಕಪಿಲಾ ನದಿಯ ದಡದ ಮೇಲಿರುವ ಊರು. ಅಲ್ಲಿಯ ವೀರಸಿಂಹಾಸನ ಮಠದ ಹೆಸರನ್ನು ಕೇಳದವರು ಮೈಸೂರು ಸೀಮೆಯಲ್ಲಿ ವಿರಳ. ಚೋಳರಿಗೂ ಗಂಗರಿಗೂ ಕಾಳಗವೊದಗಿದ್ದಾಗ, ಹೊಳೆಯ ದಡದಲ್ಲಿ ತಪಸ್ಸಿಗೆ ಕುಳಿತಿದ್ದ ಶಿವರಾತ್ರೀಶ್ವರ ಶಿವಯೋಗಿಗಳು ಉಭಯಪಕ್ಷಕ್ಕೂ ಸಂಧಿಯನ್ನು ಮಾಡಿಸಿದರೆಂದೂ, ಮಠಕ್ಕೆ ಅದೇ ಮೂಲವೆಂದೂ ಸಂಪ್ರದಾಯವು ಹೇಳುತ್ತದೆ. ಆ ಶಿವಯೋಗಿಗಳ ಜಾತ್ರೆಯು ಪುಷ್ಯಮಾಸದಲ್ಲಿ ನೆರೆಯುತ್ತದೆ. ಪುಷ್ಯದ ಚಳಿ ಎಂಥದೆಂಬುದು ಹೊಳೆಯ ಬದಿಯಲ್ಲಿ ಒಂದು ರಾತ್ರಿ ಕಳೆದವರಿಗೆ ಗೊತ್ತು. ಜಾತ್ರೆಗೆ ಬಂದ ಹಳ್ಳಿಯ ಸಂಸಾರವೊಂದು ಮರದಡಿಯಲ್ಲಿ ತಂಗಿದರೆ, ಮಲಗಿದ ಮಗುವಿನ ಮೇಲೆ ತಾಯಿಯು ಹೊದಿಸುವ ಹೊದಿಕೆಯೊಂದು ಇದ್ದೇ ಇರುತ್ತದೆ. ಅರಸರ ಕಾಳಗಕ್ಕೆ ಚರಿತ್ರೆಯುಂಟು. ಮಠದ ಪರಂಪರೆಗೆ ಚರಿತ್ರೆಯುಂಟು. ಆ ಹೊದಿಕೆಗೆ ಚರಿತ್ರೆ ಇಲ್ಲವೆ? ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ.

ಮೈಸೂರಿನ ಕಡೆಯಲ್ಲಿ ಚಳಿಗೆ ಕಂಬಳಿಯದೇ ದೊರೆತನ. ಆದರೆ ಹಳೆಯ ಸೀರೆ, ಪಂಚೆ, ರವಿಕೆಯ ಬಟ್ಟೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು ಹೊಲಿದ ಕೌದಿಯನ್ನು ಕನ್ನಡನಾಡಿನಲ್ಲಿ ಅರಿಯದವರಿಲ್ಲ. ಧಾರವಾಡ, ಬಿಜಾಪುರ, ಬೆಳಗಾವಿಗಳ ಕಡೆ ಅದು ಮನೆಮನೆಯ ವಸ್ತು. ಶಾಸನಗಳು ದತ್ತಿಬಿಟ್ಟ ಗದ್ದೆಯ ಎಲ್ಲೆಯನ್ನು ಹೇಳುತ್ತವೆ, ದೇವಾಲಯಕ್ಕೆ ಕೊಟ್ಟ ಪಟ್ಟೆಯನ್ನು ಹೇಳುತ್ತವೆ. ಹರಕು ಬಟ್ಟೆಯ ಸುದ್ದಿ ಕಲ್ಲಿನ ಮೇಲೆ ಏರುವುದಿಲ್ಲ. ಕೌದಿಯನ್ನು ಹೊಲಿದವರು ಹೆಂಗಸರು. ಅವರಲ್ಲಿ ಬಹುಮಂದಿ ಅಕ್ಷರ ಕಲಿಯದವರು. ಅವರು ಹೊಲಿದ ವಸ್ತುವಾದರೂ ದಿನವೂ ಬಳಕೆಯಾಗಿ, ಒಗೆತಕ್ಕೆ ಸಿಕ್ಕಿ, ಒಂದೆರಡು ತಲೆಮಾರಿನಲ್ಲಿ ಸವೆದುಹೋಗುವಂಥದು. ಬರೆದವರೂ ಇಲ್ಲದೆ, ಬರೆಹವೂ ಉಳಿಯದೆ ಹೋದ ಮೇಲೆ ಚರಿತ್ರೆಯು ಮೌನವಾದುದು ಆಶ್ಚರ್ಯವಲ್ಲ.

ಆದರೂ ಕೆಲವು ಕುರುಹುಗಳಿವೆ. ಸಂಸ್ಕೃತದಲ್ಲಿ ಇಂಥ ಹೊಲಿಗೆಯ ಹೊದಿಕೆಗೆ ಕಂಥೆಯೆಂದು ಹೆಸರು. ವಂಗದೇಶದ ಮನೆಗಳಲ್ಲಿ ಆ ಹೆಸರು ಇಂದಿಗೂ ಜೀವಂತವಾಗಿದೆ. ಭರ್ತೃಹರಿಯು ನೀತಿಶತಕದಲ್ಲಿ ಕಾರ್ಯಸಾಧಕನನ್ನು ವರ್ಣಿಸುವಾಗ, ಒಮ್ಮೆ ಕಂಥೆಯನ್ನೂ ಒಮ್ಮೆ ದಿವ್ಯವಸ್ತ್ರವನ್ನೂ ಸಮನಾಗಿ ಕಾಣುವವನೆಂದು ಸ್ಮರಿಸಿದ್ದಾನೆ. ಬೌದ್ಧರ ವಿನಯಪಿಟಕದಲ್ಲಿ ಇನ್ನೂ ಸ್ವಾರಸ್ಯವಾದ ಪ್ರಸಂಗವೊಂದಿದೆ. ಬುದ್ಧದೇವನು ಮಗಧದೇಶದ ಗದ್ದೆಬಯಲನ್ನು ನೋಡಿ, ಬದುಗಳಿಂದ ಮಡಿಮಡಿಯಾಗಿ ಒಡೆದ ಆ ಬಯಲಿನಂತೆಯೇ ಭಿಕ್ಷುಗಳ ಚೀವರವನ್ನು ತುಂಡುಗಳಿಂದ ಹೊಲಿಯಬಹುದೆ ಎಂದು ಆನಂದನನ್ನು ಕೇಳಿದನಂತೆ. ಆನಂದನು ಹಾಗೆಯೇ ಮಾಡಿ ತೋರಿಸಿದನಂತೆ. ಕಪಿಲೆಯ ನೀರುಂಡ ಭತ್ತದ ಗದ್ದೆಗಳನ್ನು ದಿಣ್ಣೆಯ ಮೇಲಿಂದ ನೋಡಿದವರಿಗೆ ಈ ಕಥೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ನಾಡಿನಲ್ಲಿಯೇ ಹನ್ನೆರಡನೆಯ ಶತಮಾನದ ಶರಣರ ನಡುವೆ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಸೂಜಿಯ ಕೆಲಸವೂ ಕಾಯಕವೆನ್ನಿಸಿಕೊಂಡು ಒಬ್ಬ ಶರಣರ ಹೆಸರಿನೊಡನೆ ನಿಂತಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಇಲ್ಲೊಂದು ಭೇದವನ್ನು ಗಮನಿಸಬೇಕು. ಭಿಕ್ಷುವಿಗೆ ತೇಪೆಯ ಬಟ್ಟೆ ತ್ಯಾಗದ ಗುರುತು; ಗೃಹಿಣಿಗೆ ಅದು ಸಂಗ್ರಹದ ಗುರುತು. ಅವನು ಮನೆಯನ್ನು ಬಿಟ್ಟುದಕ್ಕೆ ಅದನ್ನು ಧರಿಸಿದನು; ಅವಳು ಮನೆಯಲ್ಲಿ ಯಾವುದೂ ಬಿಟ್ಟುಹೋಗಬಾರದೆಂದು ಅದನ್ನು ಹೊಲಿದಳು.

ಇನ್ನು ಕೌದಿಯ ವಿನ್ಯಾಸ. ಇದರಲ್ಲಿ ಕನ್ನಡನಾಡಿಗೆ ಹೆಸರು ತಂದವರು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡು ಪ್ರಾಂತಗಳ ಸಿದ್ದಿ ಹೆಂಗಸರು. ಆಫ್ರಿಕ ಖಂಡದಿಂದ ಗೋವೆಯ ಪೋರ್ಚುಗೀಸರೇ ಮೊದಲಾದವರು ಗುಲಾಮರನ್ನಾಗಿ ತಂದ ಜನರ ಸಂತತಿಯವರು ಇವರಲ್ಲಿ ಬಹುಮಂದಿ. ಅವರ ಕೌದಿಯ ಹೊಲಿಗೆ ಒಂದು ಮೂಲೆಯಿಂದ ಹೊರಡುತ್ತದೆ; ಅಂಚನ್ನು ಹಿಡಿದು ಸುತ್ತುಸುತ್ತಾಗಿ ಒಳಗೆ ಸಾಗಿ ನಡುವೆ ಬಂದು ಮುಗಿಯುತ್ತದೆ. ಸೂಜಿಯನ್ನು ಮೇಲೆ ಕೆಳಗೆ ಹಾಯಿಸುವ ಸಾದಾ ಹೊಲಿಗೆಯೇ ಎಲ್ಲವೂ. ಅದೇ ತುಂಡನ್ನೂ ಹಿಡಿಯುತ್ತದೆ, ಪದರನ್ನೂ ಹಿಡಿಯುತ್ತದೆ, ಚಿತ್ತಾರವೂ ಆಗುತ್ತದೆ. ಕ್ರೈಸ್ತರ ಮನೆಯ ಕೌದಿಯಲ್ಲಿ ಶಿಲುಬೆಯೂ ಮುಸಲ್ಮಾನರ ಮನೆಯದರಲ್ಲಿ ಬಾಲಚಂದ್ರನೂ ಕಾಣಬರುವುದುಂಟು. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಇಡುವ ಮುಕ್ಕೋನದ ಹೂವಿಗೆ ಫೂಲವೆಂದು ಹೆಸರು. ಆ ಹೂವಿಲ್ಲದ ಕೌದಿಯು ಬೆತ್ತಲೆಯೆಂದು ಅವರ ಭಾವನೆ. ಚಳಿಗೆ ಆ ಹೂವಿನಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಬಡತನದಲ್ಲಿಯೂ ಪ್ರಯೋಜನವಿಲ್ಲದ ಒಂದು ಹೂವನ್ನು ಬಿಡಲೊಲ್ಲದ ಕೈಯನ್ನು ಕಲಾವಿದೆಯ ಕೈಯೆನ್ನದೆ ಮತ್ತೇನೆನ್ನೋಣ? ಅಮೆರಿಕದ ವಿದ್ವಾಂಸರಾದ ಹೆನ್ರಿ ಡ್ರೂವಲ್ ಅವರ ನೆರವಿನಿಂದ 2004ರಲ್ಲಿ ಈ ಹೆಂಗಸರದೊಂದು ಸಹಕಾರ ಸಂಘ ಏರ್ಪಟ್ಟಿತು. ಮನೆಯ ಮಕ್ಕಳಿಗಾಗಿ ಹೊಲಿದ ಕೌದಿಗಳು ದೂರದೇಶದ ಪ್ರದರ್ಶನಗಳಲ್ಲಿ ಗೋಡೆಯ ಮೇಲೆ ಏರಿದುವು.

ಮುಗಿದ ಕೌದಿಯೊಂದು ಎದುರಿಗಿದ್ದರೆ ಅದರ ಕಾಲವನ್ನು ಹೇಳುವ ಬಗೆ ಹೇಗೆ? ನೆಲದಲ್ಲಿ ದೊರೆತ ನಾಣ್ಯದ ಗಂಟನ್ನು ಚರಿತ್ರಕಾರನು ಹೇಗೆ ನೋಡುವನೋ ಹಾಗೆಯೇ ಇದನ್ನೂ ನೋಡಬೇಕು. ಗಂಟಿನಲ್ಲಿರುವ ಅತ್ಯಂತ ಹೊಸ ನಾಣ್ಯಕ್ಕಿಂತ ಹಿಂದೆ ಆ ಗಂಟು ಹೂತಿರಲಾರದು. ಕೌದಿಯಲ್ಲಿರುವ ಅತ್ಯಂತ ಹೊಸ ತುಂಡಿಗಿಂತ ಹಿಂದೆ ಆ ಕೌದಿಯು ಮುಗಿದಿರಲಾರದು. ರಾಸಾಯನಿಕ ಬಣ್ಣಗಳಲ್ಲಿ ಮೊದಲನೆಯದು ಹುಟ್ಟಿದ್ದು 1856ರಲ್ಲಿ. ಅಂಥ ಬಣ್ಣದ ತುಂಡಿದ್ದರೆ ಕೌದಿಯು ಅದಕ್ಕಿಂತ ಈಚಿನದು. ಪಾಲಿಯೆಸ್ಟರ್ ನೂಲನ್ನು ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದು 1941ರಲ್ಲಿ. ಆ ನೂಲಿನ ಸೀರೆಯ ತುಂಡು ಸಿಕ್ಕಿದರೆ ಇನ್ನೂ ಈಚಿನದು. ಒಂದು ಎಚ್ಚರಿಕೆಯೂ ಬೇಕು: ಸವೆದ ಕಡೆ ಮೊಮ್ಮಗಳು ಹಾಕಿದ ತೇಪೆಯನ್ನು ಅಜ್ಜಿಯ ಹೊಲಿಗೆಯೆಂದು ಎಣಿಸಬಾರದು.

ಸುತ್ತೂರಿನ ನೆರೆಹೊರೆಯಿಂದಲೇ ಒಂದು ಉದಾಹರಣೆ. ಅದೇ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1927ರಲ್ಲಿ ಖಾದಿಯ ಕೇಂದ್ರವು ಆರಂಭವಾಯಿತು; ಹಳ್ಳಿಯ ಹೆಂಗಸರು ನೂತ ನೂಲು ಅಲ್ಲಿ ಬಟ್ಟೆಯಾಯಿತು. ತಗಡೂರು ರಾಮಚಂದ್ರರಾಯರಂಥವರು ಆ ಸೀಮೆಯಲ್ಲಿ ಖಾದಿಗಾಗಿ ದುಡಿದರು. ರಂಗಕರ್ಮಿ ಪ್ರಸನ್ನರು 2015ರಲ್ಲಿ ಕೈಕಸಬುಗಳ ಪರವಾಗಿ ಸತ್ಯಾಗ್ರಹವನ್ನು ಹೂಡಿದ್ದೂ ಆ ಬದನವಾಳಿನಲ್ಲಿಯೇ. ಈಗ ಯಾವುದೋ ಮನೆಯ ಕೌದಿಯಲ್ಲಿ, ನಯವಾದ ಗಿರಣಿಯ ಬಟ್ಟೆಯ ಪಕ್ಕದಲ್ಲಿ, ಒಂದು ಎಳೆ ದಪ್ಪ ಒಂದು ಎಳೆ ಸಣ್ಣವಾಗಿರುವ ಖಾದಿಯ ತುಂಡೊಂದು ಕೈಗೆ ಸಿಕ್ಕಿತೆನ್ನೋಣ. ಆ ಒಂದು ಗೇಣಿನಲ್ಲಿ ಸ್ವದೇಶೀ ಚಳವಳಿಯ ಒಂದು ಅಧ್ಯಾಯವೇ ಅಡಗಿಲ್ಲವೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಿಂದ, ಸರ್ಕಾರವು ಬಟ್ಟೆಗೂ ನೂಲಿಗೂ ಹತೋಟಿಯನ್ನು ಹಾಕಬೇಕಾಯಿತು. ಹೊಸ ಬಟ್ಟೆ ದುರ್ಲಭವಾದಾಗ ಹಳೆಯ ಬಟ್ಟೆಯ ಬೆಲೆ ಏನೆಂಬುದನ್ನು ಕೌದಿ ಹೊಲಿಯುವವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕಡೆಯದಾಗಿ, ಹೊಲಿಯುವವಳ ಸಂಕಲ್ಪ. ಬಾಣಂತನಕ್ಕೆ ಬರುವ ಮಗಳಿಗೊಂದು, ಹುಟ್ಟಲಿರುವ ಮೊಮ್ಮಗುವಿನ ತೊಟ್ಟಿಲಿಗೊಂದು, ಮನೆಗೆ ಬರುವ ನಂಟರಿಗೊಂದು. ಬಿಡುವಿನ ಮಧ್ಯಾಹ್ನಗಳಲ್ಲಿ ಸಾಗುವ ಈ ಕೆಲಸಕ್ಕೆ ಇಂಥದೊಂದು ಗುರಿ ಇದ್ದೇ ಇರುತ್ತದೆ. ಕೌದಿಯ ನಡುವಿನ ಕಂಡಿಯನ್ನು ಮುಚ್ಚುವ ಮೊದಲು ನಾಲ್ಕು ಅಕ್ಕಿಕಾಳುಗಳನ್ನು ಒಳಗಿಡುವವರೂ ಉಂಟು. ಹೊದ್ದವರ ಹೊಟ್ಟೆ ತುಂಬಿರಲೆಂಬ ಹಾರೈಕೆ ಅದು.

ಇಷ್ಟನ್ನು ಹೇಳಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಮನೆಯಲ್ಲಿ ಅಜ್ಜಿ ಹೊಲಿದ ಕೌದಿಯೊಂದಿತ್ತು. ಯಾವ ತುಂಡು ಯಾರ ಸೀರೆಯದೆಂಬುದನ್ನು ಆಕೆ ಬೆರಳಿಟ್ಟು ಹೇಳಬಲ್ಲವಳಾಗಿದ್ದಳು: ಇದು ನಿನ್ನ ತಾಯಿಯ ಮದುವೆಯದು, ಇದು ತೀರಿಹೋದ ದೊಡ್ಡತ್ತೆಯದು ಎಂದು. ನಾವು ಕೇಳಿ ನಕ್ಕೆವೇ ಹೊರತು ಒಂದನ್ನೂ ಬರೆದಿಡಲಿಲ್ಲ. ಆಕೆ ಕಾಲವಾದ ಕೆಲವು ವರ್ಷಗಳ ಮೇಲೆ, ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ಬಾಗಿಲಿಗೆ ಬಂದಾಗ, ಸೀರೆಗಳ ಜೊತೆಗೆ ಕೌದಿಯೂ ಹೋಯಿತು. ಬದಲಿಗೆ ಬಂದ ಪಾತ್ರೆಯು ಇಂದಿಗೂ ನಮ್ಮ ಅಡಿಗೆಮನೆಯಲ್ಲಿ ಹೊಳೆಯುತ್ತಿದೆ. ಅದನ್ನು ಕಂಡಾಗಲೆಲ್ಲ, ಒಂದು ಮನೆತನದ ದಫ್ತರವನ್ನೇ ನಾವು ಅರ್ಧ ಸೇರಿನ ಪಾತ್ರೆಗೆ ಮಾರಿದೆವೆಂದು ಅನ್ನಿಸದಿರದು.

ಈಚೆಗೆ ಪಟ್ಟಣಗಳಲ್ಲಿಯೂ ಕೆಲವರು ವಿನೋದಕ್ಕಾಗಿ ಕೌದಿಯನ್ನು ಹೊಲಿಯಲು ತೊಡಗಿರುವುದು ಸಂತೋಷದ ಸಂಗತಿ. ಹೊಸ ಬಟ್ಟೆಯನ್ನು ಕೊಂಡು ತುಂಡುಮಾಡಿ ಹೊಲಿದರೂ ಅದು ಚೆಲುವಾಗಿಯೇ ಇರುತ್ತದೆ. ಆದರೆ ಅದಕ್ಕೆ ಹೇಳಲು ಕಥೆಯಿರುವುದಿಲ್ಲ. ಮನೆಯ ಉಟ್ಟ ಬಟ್ಟೆಯ ಒಂದು ತುಂಡಾದರೂ ಅದರಲ್ಲಿ ಸೇರಲಿ. ಹಿರಿಯರು ಹೊಲಿದ ಕೌದಿಯು ಯಾರ ಮನೆಯ ಅಟ್ಟದ ಮೇಲೆ ಇನ್ನೂ ಉಳಿದಿದೆಯೋ ಅವರು ಅದನ್ನು ಕೆಳಗಿಳಿಸಿ, ಬಿಸಿಲಿಗೆ ಹರಡಿ, ಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ತುಂಡು ಯಾರದೆಂಬುದನ್ನು ಕೇಳಿ ಒಂದು ಕಾಗದದಲ್ಲಿ ಗುರುತುಹಾಕಲಿ. ಶಾಸನಗಳನ್ನು ಓದುವವರು ನಾಡಿನಲ್ಲಿ ಅನೇಕರಿದ್ದಾರೆ, ಕಲ್ಲುಗಳೂ ಕಾದಿರಬಲ್ಲವು. ಈ ಬರೆಹವನ್ನು ಓದಬಲ್ಲ ಕಣ್ಣುಗಳು ಮಾತ್ರ ಬಹಳ ದಿನ ಕಾಯಲಾರವು.