ಎಂಟಕ್ಕೆ ಎಂಟು: ಪುಣೆ ಕ್ಯಾಂಪಿನ ಕಂಟೋನ್ಮೆಂಟ್ ಬೋರ್ಡ್ ಚುನಾವಣೆಗಳ ಇತಿಹಾಸ

ಕ್ಯಾಂಪ್ ಎಂದು ಕರೆಯುವ ಪುಣೆಯ ದಂಡು ಪ್ರದೇಶದ ಎಂಟೂ ವಾರ್ಡುಗಳನ್ನು ಒಂದೇ ಪಕ್ಷದವರು ಗೆದ್ದರೂ ಕಂಟೋನ್ಮೆಂಟ್ ಬೋರ್ಡಿನಲ್ಲಿ ಅವರಿಗೆ ಬಹುಮತ ಬರುವುದಿಲ್ಲ. 2006ರ ಕಂಟೋನ್ಮೆಂಟ್ ಕಾಯ್ದೆಯ ಪ್ರಕಾರ 50 ಸಾವಿರಕ್ಕಿಂತ ಹೆಚ್ಚು ಜನರಿರುವ ದಂಡು ಪ್ರದೇಶದ ಬೋರ್ಡಿನಲ್ಲಿ ಚುನಾಯಿತರು 8 ಮಂದಿ. ಅವರೆದುರು ಇನ್ನೂ 8 ಮಂದಿ ಚುನಾವಣೆಯಿಲ್ಲದೆ ಕೂರುತ್ತಾರೆ: ಅಧ್ಯಕ್ಷರಾಗಿ ಸೇನಾ ಠಾಣೆಯ ಕಮಾಂಡಿಂಗ್ ಅಧಿಕಾರಿ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ಆರೋಗ್ಯಾಧಿಕಾರಿ, ಕಾರ್ಯಪಾಲಕ ಎಂಜಿನಿಯರ್ ಮತ್ತು ಸೇನೆಯಿಂದ ನಾಮಕರಣಗೊಂಡ ಮೂವರು. ಮತಗಳು ಸಮಸಮ ಬಿದ್ದರೆ ನಿರ್ಣಾಯಕ ಮತ ಅಧ್ಯಕ್ಷರದು. ಕ್ಯಾಂಪಿನ ಯಾವ ಫಲಿತಾಂಶವನ್ನೇ ಓದಹೊರಟರೂ ಈ ಲೆಕ್ಕವನ್ನು ಮೊದಲು ತಿಳಿದಿರಬೇಕು.

ಇಂಗ್ಲೆಂಡಿನ ಬರೋ ಎಂಬ ಪಟ್ಟಣಾಡಳಿತಗಳ ಕೌನ್ಸಿಲ್‌ಗಳಲ್ಲಿ ಯಾವ ಪಕ್ಷಕ್ಕೂ ಬಹುಮತ ಸಿಗದಿದ್ದರೆ ಅದನ್ನೇ ಒಂದು ಫಲಿತಾಂಶವೆಂದು ಪತ್ರಿಕೆಗಳು ಬರೆಯುತ್ತವೆ. ಅಲ್ಲಿ ಅದು ಮತದಾರರು ಕೊಟ್ಟ ತೀರ್ಪು. ಇಲ್ಲಿ ಒಂದು ಮತವೂ ಬೀಳುವ ಮುಂಚೆ ಕಾಯ್ದೆಯೇ ಆ ತೀರ್ಪನ್ನು ಬರೆದಿಟ್ಟಿದೆ. ಎರಡೂ ವ್ಯವಸ್ಥೆಗಳು ಒಂದೇ ಬ್ರಿಟಿಷ್ ಸಂಸತ್ತಿನ ಯುಗದಲ್ಲಿ ರೂಪುಗೊಂಡವು ಎಂಬುದು ಗಮನಿಸಬೇಕಾದ ಸಂಗತಿ. 1835ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ಇಂಗ್ಲೆಂಡಿನ ಬರೋಗಳಲ್ಲಿ ಸ್ಥಳೀಯ ತೆರಿಗೆ ಕಟ್ಟುವ ಗಂಡಸರಿಗೆ ಮತ ಕೊಟ್ಟಿತು. ಕೌನ್ಸಿಲರ್‌ಗಳ ಅವಧಿ ಮೂರು ವರ್ಷ. ಪ್ರತಿ ವರ್ಷ ಮೂರನೆಯ ಒಂದು ಭಾಗದವರು ಮತ್ತೆ ಜನರ ಮುಂದೆ ಹೋಗಬೇಕಿತ್ತು. ಆ ಮತದಾನ ಹೆಂಗಸರನ್ನೂ ಬಡವರನ್ನೂ ಹೊರಗಿಟ್ಟಿತ್ತು, ನಿಜ. ಆದರೂ ಗೆದ್ದವರ ಕೈಗೆ ಆಡಳಿತ ಬರುತ್ತಿತ್ತು.

ಪುಣೆಯ ಕ್ಯಾಂಪ್ ಹುಟ್ಟಿದ್ದು 1817ರ ನವೆಂಬರ್ 5ರ ಖಡಕಿ ಕದನದ ಬೆನ್ನಿಗೆ. ಪೇಶ್ವೆಯ ಊರಿನ ಪೂರ್ವಕ್ಕೆ ದಂಡು ಬೀಡುಬಿಟ್ಟಿತು. ದಂಡಿಗೆ ಬಟ್ಟೆ, ದಿನಸಿ, ಮಾಂಸ, ಸಾಲ, ಚಾಕರಿ ಎಲ್ಲವೂ ಬೇಕಿದ್ದುದರಿಂದ ಸದರ್ ಬಜಾರ್ ಬೆಳೆಯಿತು. ಪಾರ್ಸಿಗಳು, ಬೋಹ್ರಾಗಳು, ತಮಿಳರು, ಬಗ್ದಾದಿನ ಯೆಹೂದ್ಯರು ಬಂದು ನೆಲೆಸಿದರು. ಡೇವಿಡ್ ಸಸೂನ್ ಕಟ್ಟಿಸಿದ ಕೆಂಪಿಟ್ಟಿಗೆಯ ಓಹೆಲ್ ಡೇವಿಡ್ ಸಿನಗಾಗ್ ಇಂದಿಗೂ ಅಲ್ಲಿದೆ. ಇವರೆಲ್ಲ ತೆರಿಗೆ ಕಟ್ಟಿದರು, ಆದರೆ ಮತ ಹಾಕಲಿಲ್ಲ. 1864ರ ಕಾಯ್ದೆ, 1889ರ ಕಾಯ್ದೆ, 1899ರ ಕಂಟೋನ್ಮೆಂಟ್ ಸಂಹಿತೆ ಈ ಮೂರೂ ಬಜಾರನ್ನು ದಂಡಿನ ಆರೋಗ್ಯ ಮತ್ತು ಶಿಸ್ತಿನ ಕಣ್ಣಿನಿಂದಲೇ ನೋಡಿದವು. 1902ರಲ್ಲಿ, ಮತ್ತೆ 1923ರಲ್ಲಿ ಬಂದ ಮನೆ ವಸತಿ ಕಾಯ್ದೆಗಳು ಸೇನಾಧಿಕಾರಿಗಳ ವಾಸಕ್ಕಾಗಿ ಖಾಸಗಿ ಬಂಗಲೆಗಳನ್ನು ವಶಕ್ಕೆ ಪಡೆಯಲು ದಾರಿಮಾಡಿದವು.

ಇದೇ ಹೊತ್ತಿನಲ್ಲಿ ಪಕ್ಕದ ಪುಣೆ ನಗರಸಭೆಯ ಕಥೆ ಬೇರೆಯೇ ಇತ್ತು. 1876ರಲ್ಲಿ ಜೋತಿರಾವ್ ಫುಲೆ ಅದರ ನಾಮಕರಣ ಸದಸ್ಯರಾದರು. 1895ರಲ್ಲಿ ತಿಲಕರು ಅಲ್ಲಿಗೆ ಚುನಾಯಿತರಾಗಿ ಬಂದರು. 20ನೆಯ ಶತಮಾನದ ಆರಂಭದಲ್ಲಿ ಗೋಖಲೆಯವರು ಅಧ್ಯಕ್ಷರಾಗಿ ಅದನ್ನು ನಡೆಸಿದರು. ಕ್ಯಾಂಪಿನ ಗಡಿಯಿಂದ ನಡೆದುಹೋಗುವಷ್ಟು ದೂರದಲ್ಲಿ ಸ್ವರಾಜ್ಯದ ಅಭ್ಯಾಸ ನಡೆಯುತ್ತಿತ್ತು. ಗಡಿಯೊಳಗಿನ ಅಂಗಡಿಕಾರನಿಗೆ ಅದರಲ್ಲಿ ಪಾಲಿರಲಿಲ್ಲ.

ಕಂಟೋನ್ಮೆಂಟ್ ಬೋರ್ಡಿನಲ್ಲಿ ಚುನಾಯಿತ ಸದಸ್ಯರಿಗೆ ಗಟ್ಟಿಯಾದ ಸ್ಥಾನ ಕೊಟ್ಟದ್ದು 1924ರ ಕಾಯ್ದೆ. ಸ್ವಾತಂತ್ರ್ಯದ ನಂತರವೂ ಅದೇ ಮುಂದುವರಿಯಿತು. ಅದರಡಿ ಮೊದಲ ದರ್ಜೆಯ ಬೋರ್ಡಿನಲ್ಲಿ 7 ಮಂದಿ ಚುನಾಯಿತರು, 8 ಮಂದಿ ಅಧಿಕಾರಿಗಳು. ಆ ಒಂದು ಸ್ಥಾನದ ಕೊರತೆ ತುಂಬಲು 2006ರವರೆಗೆ, ಅಂದರೆ 82 ವರ್ಷ ಕಾಯಬೇಕಾಯಿತು. ತುಂಬಿದ ಮೇಲೂ ಅಧ್ಯಕ್ಷರ ನಿರ್ಣಾಯಕ ಮತ ಉಳಿಯಿತು. ಬೋರ್ಡಿನ ನಿರ್ಣಯ ಸೇನೆಯ ಆರೋಗ್ಯಕ್ಕೆ, ಶಿಸ್ತಿಗೆ, ಭದ್ರತೆಗೆ ಕುಂದು ತರುತ್ತದೆಂದು ಅನಿಸಿದರೆ ಅದನ್ನು ಒಂದು ತಿಂಗಳವರೆಗೆ ತಡೆದು ಕಮಾಂಡಿನ ಮುಖ್ಯ ಜನರಲ್‌ಗೆ ಒಪ್ಪಿಸುವ ಅಧಿಕಾರವೂ ಅವರಿಗಿದೆ. ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿ ಇರುವುದು ಪುಣೆಯಲ್ಲೇ. ಹಾಗಾಗಿ ಕಡತ ದೂರ ಹೋಗಬೇಕಾಗಿಲ್ಲ.

ಹಾಗೆಂದು ಗೆಲುವಿಗೆ ಬೆಲೆಯೇ ಇಲ್ಲವೆಂದು ಹೇಳಲಾರೆ. ಉಪಾಧ್ಯಕ್ಷರನ್ನು ಆರಿಸುವವರು ಚುನಾಯಿತರು ಮಾತ್ರ. ಬಜಾರ್ ಭಾಗದ ಆಡಳಿತ ನೋಡುವ ನಾಗರಿಕ ಪ್ರದೇಶ ಸಮಿತಿಯಲ್ಲಿ ಚುನಾಯಿತರದೇ ಮೇಲುಗೈ, ಉಪಾಧ್ಯಕ್ಷರೇ ಅದರ ಮುಖ್ಯಸ್ಥರು. ಎಂ.ಜಿ. ರಸ್ತೆಯ ಅಂಗಡಿಯವನಿಗೂ ಮೋದಿಖಾನಾದ ಬಾಡಿಗೆದಾರನಿಗೂ ಚರಂಡಿ, ನೀರು, ಮನೆ ದುರಸ್ತಿಯ ಅನುಮತಿ, ಬೋರ್ಡಿನ ಪಟೇಲ್ ಆಸ್ಪತ್ರೆಯ ಹಾಸಿಗೆ ಇವೆಲ್ಲಕ್ಕೂ ಬಾಗಿಲು ಬಡಿಯಲು ಒಬ್ಬ ನಗರಸೇವಕ ಬೇಕೇ ಬೇಕು. ಇಲ್ಲಿ ಸರ್ಕಾರ ಬದಲಾಗುವುದಿಲ್ಲ, ವಾರ್ಡಿಗೊಂದು ದನಿ ಸಿಗುತ್ತದೆ. ಕ್ಯಾಂಪಿನ ಫಲಿತಾಂಶವನ್ನು ಪಕ್ಷಗಳ ಏರಿಳಿತವಾಗಿ ಓದುವುದಕ್ಕಿಂತ ಹೀಗೆ ಓದುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಪುಣೆ ಕಂಟೋನ್ಮೆಂಟ್ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರವೂ ಒಂದಿರುವುದರಿಂದ ಗೊಂದಲ ಸಹಜ. ಪರಿಶಿಷ್ಟ ಜಾತಿಗೆ ಮೀಸಲಾದ ಆ ಕ್ಷೇತ್ರವನ್ನು 2009ರಲ್ಲಿ ಕಾಂಗ್ರೆಸ್ಸಿನ ರಮೇಶ್ ಬಾಗವೆ, 2014ರಲ್ಲಿ ಬಿಜೆಪಿಯ ದಿಲೀಪ್ ಕಾಂಬಳೆ, 2019 ಮತ್ತು 2024ರಲ್ಲಿ ಬಿಜೆಪಿಯವರೇ ಆದ ಸುನೀಲ್ ಕಾಂಬಳೆ ಗೆದ್ದರು. ಅಲ್ಲಿ ಮಹಾನಗರಪಾಲಿಕೆಯ ಮತದಾರರೂ ಸೇರಿದ್ದಾರೆ. ಕಾಯ್ದೆಯ ಪ್ರಕಾರ ಶಾಸಕರು ಬೋರ್ಡಿನ ಸಭೆಗೆ ವಿಶೇಷ ಆಹ್ವಾನಿತರು, ಆದರೆ ಮತ ಹಾಕುವ ಹಕ್ಕು ಅವರಿಗಿಲ್ಲ.

ಬೋರ್ಡಿನ ಕಡೆಯ ಚುನಾವಣೆ ನಡೆದದ್ದು 2015ರ ಜನವರಿ 11ರಂದು, ದೇಶದ ಬಹುಪಾಲು ದಂಡು ಪ್ರದೇಶಗಳ ಜೊತೆಗೆ. ಐದು ವರ್ಷದ ಅವಧಿ 2020ರ ಫೆಬ್ರವರಿಯಲ್ಲಿ ಮುಗಿದು, ಆರಾರು ತಿಂಗಳಂತೆ ಎರಡು ಬಾರಿ ಬೆಳೆದು, 2021ರ ಫೆಬ್ರವರಿಗೆ ನಿಂತಿತು. ಆ ಬಳಿಕ ಬಂದದ್ದು ಅಧ್ಯಕ್ಷ, ಕಾರ್ಯನಿರ್ವಾಹಕ ಅಧಿಕಾರಿ, ಕೇಂದ್ರ ನಾಮಕರಣ ಮಾಡಿದ ಒಬ್ಬ ನಾಗರಿಕ, ಹೀಗೆ ಮೂವರ ಬೋರ್ಡ್.

ಮರುತಿಂಗಳೇ, ಮಾರ್ಚ್ 16ರಂದು, ಕ್ಯಾಂಪಿನಲ್ಲಿರುವ 1880ರ ದಶಕದ ಶಿವಾಜಿ ಮಾರುಕಟ್ಟೆಗೆ ಬೆಂಕಿ ಬಿತ್ತು. ಹತ್ತು ದಿನಗಳ ನಂತರ ಫ್ಯಾಷನ್ ಸ್ಟ್ರೀಟಿನ ನೂರಾರು ಅಂಗಡಿಗಳು ಒಂದೇ ರಾತ್ರಿಯಲ್ಲಿ ಸುಟ್ಟುಹೋದವು. ಪರಿಹಾರ, ಪುನರ್ವಸತಿ, ಬೆಂಕಿ ಸುರಕ್ಷತೆ ಎಂದು ಬೀದಿಯವರು ಕೇಳತೊಡಗಿದಾಗ ಅವರು ಮತ ಹಾಕಿ ಕಳಿಸಿದ ಒಬ್ಬ ಸದಸ್ಯನೂ ಬೋರ್ಡಿನಲ್ಲಿರಲಿಲ್ಲ. ಚುನಾಯಿತರಿದ್ದರೆ ಬೆಂಕಿ ಬೀಳುತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಬಿದ್ದ ಮೇಲೆ ಉತ್ತರಿಸಬೇಕಾದವರು ಎದುರಿಗಿರುತ್ತಿದ್ದರು.

ಬೋರ್ಡಿನ ಚುನಾವಣೆ ಹೀಗೆ ನಿಂತುಹೋಗುವುದಕ್ಕೆ ಸಂವಿಧಾನದಲ್ಲೇ ಕಾರಣವಿದೆ. 74ನೆಯ ತಿದ್ದುಪಡಿ ನಗರಸಭೆಗಳ ಅವಧಿ ಮುಗಿಯುವ ಮುನ್ನ ಚುನಾವಣೆ ನಡೆಸುವುದನ್ನು ಕಡ್ಡಾಯ ಮಾಡಿತು. ಕಂಟೋನ್ಮೆಂಟಿನ ಸ್ಥಳೀಯ ಆಡಳಿತವಾದರೋ ಕೇಂದ್ರ ಪಟ್ಟಿಯ 3ನೆಯ ವಿಷಯ. ಅನುದಾನ ಪಡೆಯಲು ಮತ್ತು ಕೇಂದ್ರದ ಯೋಜನೆಗಳನ್ನು ಜಾರಿಮಾಡಲು ಬೋರ್ಡನ್ನು ನಗರಸಭೆಯೆಂದು ಎಣಿಸುತ್ತಾರೆ. ಚುನಾವಣೆಯ ಖಾತ್ರಿಗೆ ಎಣಿಸುವುದಿಲ್ಲ. ಪುಣೆ ಮಹಾನಗರಪಾಲಿಕೆಯೂ 2022ರಿಂದ ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಆದರೆ ಅಲ್ಲಿನವರು ಸಂವಿಧಾನ ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಬಹುದಿತ್ತು. ಕ್ಯಾಂಪಿನವರಿಗೆ ಆ ಆಸರೆಯೂ ಇಲ್ಲ.

2023ರ ಫೆಬ್ರವರಿಯಲ್ಲಿ ರಕ್ಷಣಾ ಸಚಿವಾಲಯ ಏಪ್ರಿಲ್ 30ಕ್ಕೆ ಮತದಾನವೆಂದು ಅಧಿಸೂಚನೆ ಹೊರಡಿಸಿತು. ಮಾರ್ಚಿನಲ್ಲಿ ಅದು ರದ್ದಾಯಿತು. ನಾಗರಿಕ ಪ್ರದೇಶಗಳನ್ನು ಪಕ್ಕದ ನಗರಸಂಸ್ಥೆಗಳಿಗೆ ಸೇರಿಸುವ ಆಲೋಚನೆ ಮುಂದೆ ಬಂತು. ಏಪ್ರಿಲಿನಲ್ಲಿ ಹಿಮಾಚಲದ ಖಾಸ್ ಯೋಲ್ ಮೊದಲಿಗೆ ಕಂಟೋನ್ಮೆಂಟ್ ಪಟ್ಟಿಯಿಂದ ಹೊರಬಂತು. ಬೆಂಗಳೂರಿನ ದಂಡು 1949ರಲ್ಲೇ ಈ ದಾರಿ ಹಿಡಿದು ನಗರದೊಂದಿಗೆ ಒಂದೇ ಕಾರ್ಪೊರೇಷನ್ ಆಗಿತ್ತು. ಪುಣೆಯಲ್ಲಿ ವಿಲೀನವಾದರೆ ಕ್ಯಾಂಪಿನವರಿಗೆ ಪೂರ್ಣ ಮತ ಸಿಗುತ್ತದೆ. ಆದರೆ 2011ರ ಜನಗಣತಿಯಲ್ಲಿ 70 ಸಾವಿರ ಮೀರಿದ್ದ ಈ ಊರಿಗೆ ಬೋರ್ಡಿನಲ್ಲಿ ಕಾಯ್ದೆ ಕೊಟ್ಟಿರುವ ಎಂಟು ಚುನಾಯಿತ ಸ್ಥಾನಗಳ ಬದಲು ಬೃಹತ್ ಪಾಲಿಕೆಯಲ್ಲಿ ಬೆರಳೆಣಿಕೆಯ ಸ್ಥಾನಗಳಷ್ಟೇ ದಕ್ಕಬಹುದು. ಅದು ಲಾಭವೋ ನಷ್ಟವೋ ಎಂದು ಅಲ್ಲಿನ ಮತದಾರರನ್ನೇ ಕೇಳಿ ನಿರ್ಧರಿಸುವುದಕ್ಕೆ ಕಾಯ್ದೆಯಲ್ಲಿ ಅವಕಾಶವಿಲ್ಲ.