ಒಡೆಯನಿಲ್ಲದ ನಾಯಿ ಮತ್ತು ಶ್ರಾವಕನ ಮನೆ

ಜೀವಂಧರಸ್ವಾಮಿಯ ಕಥೆಯನ್ನು ಕೇಳದ ಜೈನ ಮನೆ ಕನ್ನಡ ನಾಡಿನಲ್ಲಿ ವಿರಳ. ವಾದೀಭಸಿಂಹಸೂರಿಯು ‘ಕ್ಷತ್ರಚೂಡಾಮಣಿ’ ಮತ್ತು ‘ಗದ್ಯಚಿಂತಾಮಣಿ’ಗಳಲ್ಲಿ ಸಂಸ್ಕೃತದಲ್ಲಿ ಹೇಳಿದ ಈ ಚರಿತೆಯನ್ನು ಭಾಸ್ಕರ ಕವಿಯು ಕ್ರಿ.ಶ. 1424ರಲ್ಲಿ ಭಾಮಿನಿ ಷಟ್ಪದಿಯಲ್ಲಿ ಕನ್ನಡಿಸಿದನು. ಅದರಲ್ಲಿ ಒಂದು ನಾಯಿಯ ಪ್ರಸಂಗವಿದೆ. ಯಜ್ಞಕ್ಕೆಂದು ಇಟ್ಟಿದ್ದ ಅನ್ನಕ್ಕೆ ಬಾಯಿ ಹಾಕಿತೆಂದು ಹೊಡೆತ ತಿಂದ ನಾಯಿಯೊಂದು ಸಾಯುತ್ತ ಬಿದ್ದಿರುತ್ತದೆ. ಬದುಕಿಸಲು ಸಾಧ್ಯವಾಗದೆ ಹೋದಾಗ ಜೀವಂಧರನು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಸುರುತ್ತಾನೆ. ನಾಯಿಯು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಅವನ ಕಷ್ಟಕಾಲದಲ್ಲಿ ನೆರವಿಗೆ ಬರುತ್ತಾನೆ.

ಕಥೆಯಲ್ಲಿ ನಾಯಿ ಸತ್ತಿತು. ಆದುದರಿಂದ ಜೀವಂಧರನ ಕರ್ತವ್ಯವು ಒಂದು ಗಳಿಗೆಯಲ್ಲಿ ಮುಗಿಯಿತು. ಸೊಂಟ ಮುರಿದುಕೊಂಡು ಅದು ಬದುಕಿಯೇ ಉಳಿದಿದ್ದರೆ? ಇನ್ನೂ ಹತ್ತು ವರ್ಷ ಅದಕ್ಕೆ ಅನ್ನ ಹಾಕಿ, ಮೈ ತೊಳೆಯುವವರು ಯಾರು? ಕಾವ್ಯವು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಇತಿಹಾಸವು ಮಾತ್ರ ನಮ್ಮ ಸಮಾಜವನ್ನು ಮತ್ತೆ ಮತ್ತೆ ಕೇಳಿದೆ.

ಗುಜರಾತಿನ ವಣಿಕ ಸಮಾಜವು ಇದಕ್ಕೆ ಬಹಳ ಹಿಂದೆಯೇ ಒಂದು ಉತ್ತರವನ್ನು ಕಂಡುಕೊಂಡಿತ್ತು. 1583ರಲ್ಲಿ ಭಾರತಕ್ಕೆ ಹೊರಟು ಬಂದ ಆಂಗ್ಲ ವರ್ತಕ ರಾಲ್ಫ್ ಫಿಚ್ ಖಂಭಾತ್ ನಗರದ ವರ್ಣನೆಯಲ್ಲಿ, ಕುರಿ, ಮೇಕೆ, ನಾಯಿ, ಬೆಕ್ಕು, ಪಕ್ಷಿಗಳಿಗೆ ಅಲ್ಲಿ ಆಸ್ಪತ್ರೆಗಳಿದ್ದುದನ್ನೂ, ಮುದಿಯಾದ ಮತ್ತು ಕುಂಟಾದ ಪ್ರಾಣಿಗಳನ್ನು ಸಾಯುವವರೆಗೆ ಸಾಕುತ್ತಿದ್ದುದನ್ನೂ ಬರೆದಿಟ್ಟನು. ಸೂರತ್ತಿನ ಇಂತಹುದೇ ಆಸ್ಪತ್ರೆಯಲ್ಲಿ 1772ರ ವೇಳೆಗೆ ಎಪ್ಪತ್ತೈದು ವರ್ಷಗಳಿಂದ ಇದ್ದ ಮುದಿ ಆಮೆಯೊಂದಿತ್ತೆಂದು ಬ್ರಿಟಿಷ್ ಲೇಖಕರು ದಾಖಲಿಸಿದ್ದಾರೆ. ಪರದೇಶಿಯರಿಗೆ ಇದೊಂದು ವಿನೋದವಾಗಿ ಕಂಡಿತು. ಆದರೆ ಎಪ್ಪತ್ತೈದು ವರ್ಷವೆಂದರೆ ಮೂರು ತಲೆಮಾರಿನ ಮೇಲ್ವಿಚಾರಕರು. ಹಾಲು ಕೊಡದ, ಹೊರೆ ಹೊರದ ಒಂದು ಜೀವಿಗಾಗಿ ಅಷ್ಟು ಕಾಲ ಖರ್ಚಿನ ಲೆಕ್ಕ ಬರೆದವರ ತಾಳ್ಮೆಯನ್ನು ಲೆಕ್ಕಪತ್ರ ಬಲ್ಲವರು ಸುಲಭವಾಗಿ ನಗೆಯಾಡಲಾರರು.

ಈ ವ್ಯವಸ್ಥೆಯ ಹೆಸರೇ ಪಿಂಜರಾಪೋಲ್. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ತಪ್ಪಲಿನ ಸಂಸ್ಥೆಯಿಂದ ಇದು ಪರಿಚಿತ. ಪಿಂಜರಾಪೋಲ್ ಎಂದೊಡನೆ ಇಂದು ಗೋವುಗಳೇ ನೆನಪಾಗುತ್ತವೆ. ಆದರೆ ಮುಂಬಯಿಯ ಪಿಂಜರಾಪೋಲ್ ಹುಟ್ಟಿದ್ದು ನಾಯಿಗಳಿಂದ. ಬೇಸಗೆಯಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವ ನಿಯಮವನ್ನು ಕಂಪನಿ ಸರ್ಕಾರವು ಅಲ್ಲಿ ಮೊದಲೇ ಜಾರಿಗೆ ತಂದಿತ್ತು. 1832ರಲ್ಲಿ ಕೊಲ್ಲುವ ಅವಧಿಯನ್ನು ವಿಸ್ತರಿಸಲಾಯಿತು. ನಾಯಿಯೊಂದಕ್ಕೆ ಎಂಟಾಣೆಯ ಆಸೆಗೆ ಹಿಡಿಯುವವರು ಮನೆಗಳ ಒಳಗೂ ನುಗ್ಗಿದರು. ಜೂನ್ 6ರಂದು, ಪಾರಸಿಗಳ ಪವಿತ್ರ ದಿನದಲ್ಲಿ, ಜನರು ತಿರುಗಿ ಬಿದ್ದರು. ಮರುದಿನ ಅಂಗಡಿಗಳು ಮುಚ್ಚಿ, ಕೋಟೆಗೆ ಸಾಮಗ್ರಿ ಹೋಗುವುದು ನಿಂತಿತು. ಈ ಪ್ರತಿಭಟನೆಯ ಹಿರಿಮೆಯನ್ನು ಜೈನರೇ ಪೂರ್ತಿಯಾಗಿ ಪಡೆಯಲು ಹೊರಡುವುದು ಸತ್ಯವ್ರತಕ್ಕೆ ಒಪ್ಪದು. ಮೊದಲು ಎದ್ದವರು ಪಾರಸಿಗಳು. ಜೈನ, ಹಿಂದೂ ಮತ್ತು ಮುಸಲ್ಮಾನ ವರ್ತಕರು ಜೊತೆಗೂಡಿದರು. ಗಲಭೆ ಅಡಗಿದ ಮೇಲೆ, 1834ರ ಅಕ್ಟೋಬರ್ 18ರಂದು, ಜಮ್‌ಶೆಟ್ಜಿ ಜೀಜಿಭಾಯಿ ಮತ್ತು ಜೈನ ಶ್ರೇಷ್ಠಿ ಮೋತಿಚಂದ್ ಅಮೀಚಂದ್ ಇವರ ಮುಂದಾಳುತನದಲ್ಲಿ ಪಿಂಜರಾಪೋಲ್ ಸ್ಥಾಪನೆಯಾಯಿತು. ಅದರ ನಿರ್ವಹಣೆಗೆ ವರ್ತಕರು ತಮ್ಮ ಸರಕಿನ ಮೇಲೆ ತಾವೇ ‘ಲಾಗಾ’ ಎಂಬ ತೆರಿಗೆ ಹಾಕಿಕೊಂಡರು.

ಇಲ್ಲಿ ಒಂದು ಕಹಿ ಸಂಗತಿಯನ್ನೂ ಮುಚ್ಚಿಡಲಾಗದು. ಈ ಇಬ್ಬರು ದಾನಿಗಳ ಸಂಪತ್ತಿನಲ್ಲಿ ಚೀನಾಕ್ಕೆ ಕಳುಹಿಸಿದ ಅಫೀಮಿನ ಪಾಲೂ ಇತ್ತು. ಮುಂಬಯಿಯ ನಾಯಿಗೆ ದೊರೆತ ರೊಟ್ಟಿಯ ಹಿಂದೆ ದೂರದ ದೇಶದ ಮನೆಗಳ ಹಾಳು ಇತ್ತೆಂಬುದು ದಾನದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ದಾಟಿ ಹೋಗುವ ಪುಟ. ದಯೆಯನ್ನು ಹಣ ಕೊಟ್ಟು ಬೇರೊಬ್ಬರಿಂದ ಮಾಡಿಸುವಾಗ, ಆ ಹಣದ ಮೂಲವನ್ನೂ ಆ ಜೀವದ ಮುಖವನ್ನೂ ನೋಡದೆಯೇ ಇರುವುದು ಸಾಧ್ಯವಾಗುತ್ತದೆ.

ನಾಯಿಗೆ ಆಸ್ಪತ್ರೆ ಕಟ್ಟಿಸಿದ ಶ್ರಾವಕರು ಮನೆಯೊಳಗೆ ಅದನ್ನು ಕರೆದುಕೊಳ್ಳಲು ಏಕೆ ಹಿಂಜರಿದರು? ಇದಕ್ಕೆ ಶಾಸ್ತ್ರದ ಹಿನ್ನೆಲೆಯಿದೆ. ಶ್ರಾವಕನು ಬಿಡಬೇಕಾದ ಹದಿನೈದು ಬಗೆಯ ವೃತ್ತಿಗಳಲ್ಲಿ ‘ಅಸತೀಪೋಷಣ’ವೂ ಒಂದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಗಿಳಿ, ಬೆಕ್ಕು, ಕೋಳಿಗಳೊಡನೆ ನಾಯಿ ಸಾಕುವುದನ್ನೂ ಇದರಲ್ಲಿ ಸೇರಿಸಿದ್ದಾರೆ. ಹದಿಮೂರನೆಯ ಶತಮಾನದ ಆಶಾಧರ ಪಂಡಿತರು ‘ಸಾಗಾರಧರ್ಮಾಮೃತ’ದಲ್ಲಿ ಪ್ರಾಣಿಹಿಂಸೆ ಮಾಡುವ ಪ್ರಾಣಿಗಳ ಪೋಷಣೆಯನ್ನು ಎಣಿಸಿದ್ದಾರೆ. ಆದರೆ ಹೇಮಚಂದ್ರರ ಲಕ್ಷಣದಲ್ಲಿ ಒಂದು ಪದವನ್ನು ಗಮನಿಸಬೇಕು: ಅವರು ನಿಷೇಧಿಸಿದ್ದು ವಿತ್ತಕ್ಕಾಗಿ, ಅಂದರೆ ಹಣದ ಗಳಿಕೆಗಾಗಿ ಸಾಕುವುದನ್ನು. ಮಾರಾಟಕ್ಕೆ ಮರಿ ಹಾಕಿಸುವವನು ಈ ದೋಷಕ್ಕೆ ಸಿಲುಕುತ್ತಾನೆ. ಗಾಡಿಯ ಚಕ್ರಕ್ಕೆ ಸಿಕ್ಕಿ ಕಾಲು ಕಳೆದುಕೊಂಡ ಬೀದಿನಾಯಿಯನ್ನು ಒಳಗೆ ಕರೆದುಕೊಂಡವನಿಗೆ ಅದರಿಂದ ಯಾವ ಗಳಿಕೆ?

ಈ ಚರ್ಚೆಯು ಬಯಲಿಗೆ ಬಂದದ್ದು 1926ರಲ್ಲಿ, ಅಹಮದಾಬಾದಿನಲ್ಲಿ. ಜೈನ ಮನೆತನದ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿಯವರು ಹುಚ್ಚಿನ ಭಯದಿಂದ ತಮ್ಮ ಗಿರಣಿಯ ಆವರಣದ ಸುಮಾರು ಅರವತ್ತು ನಾಯಿಗಳನ್ನು ಕೊಲ್ಲಿಸಿದರು. ಊರೆಲ್ಲ ಕೆರಳಿತು. ಗಾಂಧೀಜಿಯವರು ‘ಯಂಗ್ ಇಂಡಿಯಾ’ದಲ್ಲಿ ಸಾರಾಭಾಯಿಯವರನ್ನು ಸಮರ್ಥಿಸಿದರು. ಅಹಮದಾಬಾದಿನ ಸಿವಿಲ್ ಆಸ್ಪತ್ರೆಯಲ್ಲಿ 1925ರಲ್ಲಿ 1,117 ಮಂದಿ ನಾಯಿ ಕಡಿತದ ಚಿಕಿತ್ಸೆಗೆ ಬಂದಿದ್ದರೆಂಬ ಲೆಕ್ಕವನ್ನೂ ಮುಂದಿಟ್ಟರು. ಕೋಪದ ಪತ್ರಗಳು ಬಂದಷ್ಟೂ ಅವರು ಉತ್ತರಿಸಿದರು.

ಕೊಲ್ಲುವುದನ್ನು ಒಪ್ಪಿದ ಅವರ ವಾದವನ್ನು ಜೈನ ಶ್ರಾವಕನು ಒಪ್ಪಬೇಕಾಗಿಲ್ಲ. ಆದರೆ ಅದೇ ಲೇಖನಗಳಲ್ಲಿದ್ದ ಇನ್ನೊಂದು ಮಾತಿಗೆ ಅಂದಿನ ಮಹಾಜನರು ಉತ್ತರ ಕೊಡಲಿಲ್ಲ. ಒಡೆಯನಿಲ್ಲದ ನಾಯಿ ಬೀದಿಯಲ್ಲಿ ಅಲೆಯುವುದೇ ಸಮಾಜಕ್ಕೆ ನಾಚಿಕೆ, ಅದಕ್ಕೆ ತುಣುಕು ಎಸೆದು ಪುಣ್ಯ ಎಣಿಸುವುದು ದಯೆಯಲ್ಲ, ದಯೆಯುಳ್ಳವನು ಅದನ್ನು ಸಾಕಲಿ ಅಥವಾ ಸಾಕುವ ಸಂಸ್ಥೆಗೆ ಒಪ್ಪಿಸಲಿ ಎಂಬುದು ಆ ಮಾತಿನ ತಿರುಳು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದೆಂದು ‘ತತ್ತ್ವಾರ್ಥಸೂತ್ರ’ವು ಹೇಳುತ್ತದೆ. ತನ್ನ ಆಶ್ರಯದಲ್ಲಿರುವ ಪ್ರಾಣಿಗೆ ಹೊತ್ತಿಗೆ ಅನ್ನ ನೀರು ತಪ್ಪಿಸಬಾರದೆಂಬ ಈ ನಿಯಮಕ್ಕೆ ಆಶ್ರಯ ಕೊಟ್ಟವನೊಬ್ಬ ಇರಲೇಬೇಕು. ಬೀದಿಯ ನಾಯಿಗೆ ಒಂದು ದಿನ ಹಾಕಿ ಮರುದಿನ ಮರೆತವನಿಗೆ ಅತಿಚಾರವೂ ತಟ್ಟುವುದಿಲ್ಲ. ಅವನ ಅನುಕೂಲವೂ ಅದೇ.

ಅಂದಿಗಿಂತ ಇಂದು ಸ್ಥಿತಿ ಬದಲಾಗಿದೆ. 2001ರ ನಿಯಮಗಳು, ಅವುಗಳ ಬದಲಿಗೆ ಬಂದ 2023ರ ನಿಯಮಗಳು, ಬೀದಿನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಯ ಮಾರ್ಗವನ್ನು ಹಿಡಿದವು. 2025ರ ಆಗಸ್ಟ್ 11ರಂದು ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯಧಾಮಗಳಿಗೆ ಒಯ್ಯಬೇಕೆಂದ ಸರ್ವೋಚ್ಚ ನ್ಯಾಯಾಲಯವು, 22ರಂದು ಆ ಆದೇಶವನ್ನು ಸಡಿಲಿಸಿತು. ಆಗ ಇಚ್ಛೆಯುಳ್ಳವರು ನಗರಪಾಲಿಕೆಗೆ ಅರ್ಜಿ ಸಲ್ಲಿಸಿ ಬೀದಿನಾಯಿಯನ್ನು ದತ್ತು ಪಡೆಯಬಹುದೆಂದೂ, ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೆಂದೂ ಹೇಳಿತು. 1926ರ ಪ್ರಶ್ನೆಯೇ ಬೇರೆ ರೂಪದಲ್ಲಿ ಮರಳಿ ಬಂದಿತು.

ದತ್ತು ಕೇಳುವವರು ಸಾಮಾನ್ಯವಾಗಿ ಆರೋಗ್ಯವಂತ ಮರಿಯನ್ನೇ ಬಯಸುತ್ತಾರೆ. ಕುರುಡು, ಕಿವುಡು, ಅಂಗವಿಕಲ ನಾಯಿಗಳು ಹಿಂದುಳಿಯುತ್ತವೆ. ಇವುಗಳ ಸೇವೆ ಬಾಯಿಮಾತಿನದಲ್ಲ. ಕುರುಡು ನಾಯಿ ವಾಸನೆಯಿಂದಲೂ ನೆನಪಿನಿಂದಲೂ ಮನೆಯನ್ನು ಕಲಿಯುತ್ತದೆ. ಕುರ್ಚಿ ಮೇಜುಗಳ ಸ್ಥಾನವನ್ನು ಪದೇ ಪದೇ ಬದಲಿಸಬಾರದು. ಕಿವುಡು ನಾಯಿ ಕೈಸನ್ನೆಯನ್ನು ಕಲಿಯುತ್ತದೆ. ಮಲಗಿದಾಗ ಹಠಾತ್ತನೆ ಮುಟ್ಟಿದರೆ ಬೆದರುತ್ತದೆ. ಮೂರು ಕಾಲಿನದು ಚೆನ್ನಾಗಿಯೇ ಓಡಾಡುತ್ತದೆ, ಮೈ ಭಾರ ಹೆಚ್ಚದಂತೆ ನೋಡಬೇಕು ಅಷ್ಟೆ. ಬೆನ್ನುಹುರಿಗೆ ಪೆಟ್ಟಾಗಿ ಹಿಂಗಾಲು ಸೋತ ನಾಯಿಯದು ಎಲ್ಲಕ್ಕಿಂತ ಕಷ್ಟ: ಎಷ್ಟೋ ಬಾರಿ ದಿನಕ್ಕೆ ಮೂರು ನಾಲ್ಕು ಸಲ ಕೈಯಿಂದ ಒತ್ತಿ ಮೂತ್ರ ಮಾಡಿಸಬೇಕಾಗುತ್ತದೆ; ವಿಧಾನವನ್ನು ಪಶುವೈದ್ಯರಿಂದಲೇ ಕಲಿಯಬೇಕು. ಒಂದೇ ಮಗ್ಗುಲಲ್ಲಿ ಮಲಗಿ ಹುಣ್ಣಾಗದಂತೆ ಆಗಾಗ ಹೊರಳಿಸಬೇಕು. ಚಕ್ರದ ಗಾಡಿ ಕಟ್ಟಿದರೆ ಸ್ವಲ್ಪ ಹೊತ್ತು ಅಂಗಳದಲ್ಲಿ ತಿರುಗಾಡುತ್ತದೆ. ಆಹಾರದ ಅಳುಕು ಅನೇಕ ಮನೆಗಳಲ್ಲಿದೆ. ಬೆಕ್ಕಿನಂತಲ್ಲದೆ, ನಾಯಿಯು ವೈದ್ಯರ ಸಲಹೆಯಂತೆ ಹೊಂದಿಸಿದ ಸಸ್ಯಾಹಾರದಲ್ಲಿ ಬದುಕಬಲ್ಲದು. ಬರಿಯ ಅನ್ನ ಮಜ್ಜಿಗೆ ಸಾಲದು.

ಬಸದಿಯ ಟ್ರಸ್ಟುಗಳು ಒಂದು ಕೆಲಸ ಮಾಡಬಹುದು. ಇಂತಹ ನಾಯಿಯನ್ನು ಕರೆದೊಯ್ದ ಮನೆಯ ಔಷಧದ ಖರ್ಚಿನಲ್ಲಿ ಒಂದು ಪಾಲನ್ನು ಜೀವದಯಾ ನಿಧಿಯಿಂದ ಭರಿಸಬಹುದು. ನಾಯಿ ಹತ್ತು ಹನ್ನೆರಡು ವರ್ಷ ಬಾಳುತ್ತದೆ. ಮನೆಯವರು ಯಾತ್ರೆಗೆ ಹೊರಟಾಗ ಅದನ್ನು ಯಾರಿಗೆ ಒಪ್ಪಿಸಬೇಕೆಂಬುದನ್ನೂ ಮೊದಲೇ ಮಾತಾಡಿ ಇಟ್ಟುಕೊಂಡಿರಬೇಕಾಗುತ್ತದೆ.